ಶಾಂತಕ್ಕನ ಜೊತೆ ಬ್ಯಾಡಗಿಯ ಗಿರಣಿಗೆ

ಹಾವೇರಿ ಬಿಟ್ಟಾಗ ಎಂಟು ಗಂಟೆ. ಮಾಘದ ಚಳಿ. ರಾಣೆಬೆನ್ನೂರಿನ ಬಸ್ಸು ಹತ್ತಿ, ಮೋಟೆಬೆನ್ನೂರಿಗೆ ತಲಾ ಎಂಟು ರೂಪಾಯಿಯ ಟಿಕೀಟು ತೆಗೆದು, ಶಾಂತಕ್ಕನ ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡು ಕುಳಿತೆ. ದೀಪಾವಳಿ ಮುಗಿದ ಮೂರನೆಯ ದಿನ ಬ್ಯಾಡಗಿಯ ಮೆಣಸಿನಪುಡಿ ಗಿರಣಿಯಲ್ಲಿ ಅಕ್ಕನ ಸೆರಗು ಬೆಲ್ಟಿಗೆ ಸಿಕ್ಕಿತ್ತು. ಬಿಡಿಸಿಕೊಳ್ಳಲು ಹೋಗಿ ಬಲಗೈಯ ಎರಡು ಬೆರಳು ಕಳೆದುಕೊಂಡಳು. ಅಂದಿನಿಂದ ನನ್ನ ಮನೆಯಲ್ಲಿದ್ದವಳು ಈಗ ಮತ್ತೆ ಅದೇ ಗಿರಣಿಗೆ ಕೆಲಸಕ್ಕೆ ಹೊರಟಿದ್ದಳು.

ಹತ್ತಿ ಬಿಡಿಸಿದ ಹೊಲಗಳು ಮಂಜಿನಲ್ಲಿ ತೇಲುತ್ತ ಹಿಂದೆ ಸರಿದವು. ಅರೆಗಣ್ಣಿನಲ್ಲಿದ್ದ ನನಗೆ ಬಸ್ಸು ನಿಂತಲ್ಲೇ ನಿಂತಿದೆ, ಊರುಗಳೇ ನಡೆದು ಹೋಗುತ್ತಿವೆ ಅನ್ನಿಸಿತು. ಈ ದಾರಿ ಮುಗಿಯದಿದ್ದರೆ ಸಾಕು ಎಂದುಕೊಂಡೆ.

ಮೋಟೆಬೆನ್ನೂರಿನಲ್ಲಿ ಇಳಿದು ಮಂಡಕ್ಕಿ, ಬಿಸಿ ಮಿರ್ಚಿ ತಿಂದೆವು.

"ಇಷ್ಟೆಲ್ಲಾ ಆದ ಮ್ಯಾಲೂ ಅಲ್ಲಿಗೇ ಯಾಕ ಹೊಂಟಿ?" ಎಂದೆ.

"ಗಿರಣಿ ಸಾವಕಾರ್ರು ತಪ್ಪು ತಮ್ದ ಅಂತ ಒಪ್ಪ್ಯಾರ. ಬಾಯಿಮಾತೋ ಖರೇನೋ, ನೋಡೂಣು ಬಾ."

ತಪ್ಪು ಅವರದೇ. ಲಕ್ಷ್ಮೀಪೂಜೆಗೆಂದು ಬೆಲ್ಟ್ ಸುತ್ತುವ ಗಾಲಿಯ ಮೇಲಿನ ಕಬ್ಬಿಣದ ಜಾಳಿಗೆ ಬಿಚ್ಚಿ, ಗಾಲಿ ತೊಳೆದು, ವಿಭೂತಿ ಬಳಿದಿದ್ದರು. ಪೂಜೆಯಾದ ಗಾಲಿಯನ್ನು ಲಗೂನ ಮುಚ್ಚಿದರೆ ಲಕ್ಷ್ಮಿ ಮುನಿಯುತ್ತಾಳೆಂದು ಸಾವಕಾರರೇ ತಡೆದಿದ್ದರಂತೆ. ಜಾಳಿಗೆ ಗೋಡೆಗೆ ಒರಗಿತ್ತು, ಗಿರಣಿ ತಿರುಗುತ್ತಿತ್ತು. ಲಕ್ಷ್ಮಿ ಮುನಿಯಲಿಲ್ಲ, ಅಕ್ಕನ ಬೆರಳು ಹೋದವು.

ಟೆಂಪೊದಲ್ಲಿ ಮೂರು ರೂಪಾಯಿಗೆ ಬ್ಯಾಡಗಿ. ಬಯಲು ತುಂಬ ಒಣಮೆಣಸಿನಕಾಯಿ ಹರವಿದ್ದರು. ಎಲ್ಲಿ ನೋಡಿದರೂ ಕೆಂಪು. ಅದರ ನಡುವೆ ಕೂತ ಹೆಂಗಸರು ಕನಸಿನಲ್ಲಿ ಕಂಡವರಂತೆ ದೂರದಲ್ಲಿದ್ದರು. ನಾಲ್ಕು ಸೀನು ಬಂದ ಮೇಲೆಯೇ ನನಗೆ ಪೂರಾ ಎಚ್ಚರವಾದದ್ದು.

ಗಿರಣಿಯ ಬಾಗಿಲಲ್ಲಿ ಬಿಳಿ ಧೋತರದ ಸಾವಕಾರರು ನಿಂತಿದ್ದರು. ಅರವತ್ತರ ಮೇಲಿನವರು. "ಬಾ ಶಾಂತವ್ವ," ಎಂದರು. "ಇನ್ನ ಮ್ಯಾಲ ದಿನಾ ನೀ ನೋಡಿ ಹೂಂ ಅಂದ ಮ್ಯಾಲನ ಬಟನ್ ಒತ್ತೂದು. ಮುಹೂರ್ತ ಗಿಹೂರ್ತ ಏನಿಲ್ಲ."

ಮಾತಿಗೇನು ಬರ, ಎಂದು ಒಳಗೇ ಗೊಣಗಿದೆ.

ಅಕ್ಕ ಒಳಗೆ ಹೋಗಿ, ಬಾಗಿ, ಗಾಲಿಯ ಮೇಲಿನ ಜಾಳಿಗೆ ಅಲುಗಾಡಿಸಿದಳು. "ಬೋಲ್ಟ್ ಸಡ್ಲ ಐತ್ರಿ."

ಹೊರಗೆ ಮಾಲು ತುಂಬಿಸಿಕೊಳ್ಳಲು ಬಂದ ಲಾರಿ ಹಾರನ್ ಹೊಡೆಯಿತು. "ಹೊತ್ತಾತ್ರೀ ಸಾವಕಾರ್ರ!" ಎಂದು ಡ್ರೈವರ್ ಕೂಗಿದ. ಸಾವಕಾರರು ಒಮ್ಮೆ ಬಟನ್ನಿನ ಕಡೆ ನೋಡಿದರು. ಒತ್ತಿದರೆ ಅಕ್ಕನ ಕೈ ಹಿಡಿದು ಅದೇ ಟೆಂಪೊ ಹತ್ತುವುದೆಂದು ತೀರ್ಮಾನಿಸಿದ್ದೆ.

ಅವರು ಪಾನಾ ತರಿಸಿಕೊಂಡು, ಕೆಂಪು ಧೂಳಿನಲ್ಲಿ ಧೋತರ ಸಮೇತ ಕುಕ್ಕರಿಸಿ, ತಾವೇ ಬೋಲ್ಟ್ ಬಿಗಿದರು. ಏದುಸಿರು ಬಿಡುತ್ತ ಎದ್ದು, "ಆತೇನವಾ?" ಎಂದರು.

ಅಕ್ಕ ಮತ್ತೆ ಬಾಗಿದಳು. ಅವಸರವೇನೂ ಮಾಡಲಿಲ್ಲ.

"ಇಲ್ರಿ. ಈ ಕಡಿ ಇನ್ನೊಂದೈತ್ರಿ."

ಮತ್ತೆ ಹಾರನ್. "ನಿಂದ್ರಲೇ!" ಎಂದು ಹೊರಗಿನವನಿಗೆ ಗದರಿ, ಸಾವಕಾರರು ಪುನಃ ನೆಲಕ್ಕೆ ಕೂತರು.

ಅಕ್ಕನನ್ನು ಅಲ್ಲೇ ಬಿಟ್ಟು ನಾನು ಹಾವೇರಿಗೆ ಹೊರಟೆ. ಬೀದಿಯ ತಿರುವಿನವರೆಗೂ ಕಿವಿಗೊಟ್ಟು ನಡೆದೆ. ಗಿರಣಿ ಇನ್ನೂ ಸುಮ್ಮನಿತ್ತು.