ಗೇಟಿನ ಹೊರಗೆ ಹನ್ನೊಂದು ದಿನ

ಬಸ್ಸಿಗೆ ಒಂದು ಗಂಟೆ ಮೊದಲೇ ಹೋಗಿ ಕೂಡುವ ಚಟ ನನಗೆ. ಮನೆಯವರು ನಗುತ್ತಾರೆ. ಹೋದ ವಾರ ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಹಾಗೇ ಕೂತಿದ್ದಾಗ ತೌಡು ತುಂಬಿದ ಲಾರಿಯೊಂದು ಮುಂದೆಯೇ ಹಾದುಹೋಯಿತು. ಆ ಹಸಿ ತೌಡಿನ ವಾಸನೆ ಮೂಗಿಗೆ ಬಡಿದಿದ್ದೇ ತಡ, ಕೂತಲ್ಲಿಂದ ಎದ್ದುಬಿಟ್ಟೆ. ರಾಯಚೂರಿಗೆ ಹೊರಟಿದ್ದ ನಾನು ದೇವದುರ್ಗದ ಬಸ್ಸು ಹತ್ತಿದೆ. ಯಾಕೆಂದು ಹೇಳುತ್ತೇನೆ, ಕೇಳಿ.

ಹದಿನೈದು ವರ್ಷದ ಹಿಂದೆ ನಾನು ಇದೇ ಊರಿನ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಅಕ್ಷರ ದುಂಡಗಿದೆ ಎಂಬುದೊಂದೇ ನನ್ನ ಯೋಗ್ಯತೆ. ಹಮಾಲರ ಸಂಘದ ಮುಂದಾಳು ಈರಣ್ಣ. ಕ್ವಿಂಟಲಿನ ಚೀಲ ಹೊತ್ತು ಹೊತ್ತು ಅವನ ಕುತ್ತಿಗೆ ಎಷ್ಟು ಬಿಗಿದಿತ್ತೆಂದರೆ, ಯಾರಾದರೂ ಕೂಗಿದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದ. ಅಂಗಳ ಗುಡಿಸಿ ಭತ್ತ ಹಸನು ಮಾಡುವ ಹೆಂಗಸರು ಹದಿನಾಲ್ಕು ಜನ. ಅವರಲ್ಲಿ ಹಿರಿಯಳು ಮಲ್ಲಮ್ಮ, ದೇವದುರ್ಗದ ಕಡೆಯ ಮಸರಕಲ್ಲಿನಿಂದ ಮಾನ್ವಿಗೆ ಕೊಟ್ಟ ಹೆಣ್ಣು.

ಒಂದು ದಿನ ಸಂಘದವರು ಬೇಡಿಕೆಯ ಪಟ್ಟಿ ಕೊಟ್ಟರು. ಚೀಲದ ತೂಕ ಐವತ್ತು ಕಿಲೋ ದಾಟಬಾರದು, ಹೆಂಗಸರನ್ನು ಗಿರಣಿಯ ಕೆಲಸಗಾರರೆಂದು ಒಪ್ಪಿ ವಾರದ ರಜೆ ಕೊಡಬೇಕು. ಗಿರಣಿಯ ಮಾಲೀಕ ಸಾಹುಕಾರರ ಜೊತೆ ಮೂರು ಸಲ ಕೂತರೂ ಮಾತು ಮುಂದೆ ಹೋಗಲಿಲ್ಲ. ಮುಷ್ಕರದ ನೋಟಿಸು ಬಂತು. ಆಗ ರಾಯಚೂರಿನ ಕಾರ್ಮಿಕ ಅಧಿಕಾರಿ ಎರಡೂ ಕಡೆಯವರನ್ನು ಕರೆಸಿದರು. ಅವರು ತೀರ್ಪು ಕೊಡುವವರಲ್ಲ, ಇಬ್ಬರನ್ನೂ ಒಂದು ಮಾತಿಗೆ ತರುವವರು. ಒಪ್ಪಿದ್ದನ್ನು ಬರೆದು ಸಹಿ ಹಾಕಿದರೆ ಮೂರು ವರ್ಷ ಯಾರೂ ಅದನ್ನು ಮುರಿಯುವಂತಿಲ್ಲ ಎಂದು ಮೊದಲೇ ತಿಳಿಸಿದರು.

ಹಮಾಲರ ಜೊತೆ ಮಲ್ಲಮ್ಮ ಬಂದಿದ್ದಳು, ಸಾಹುಕಾರರ ಜೊತೆ ನಾನು. ಸಾಹುಕಾರರು ಚೀಲದ ಮಾತಿಗೆ ಒಪ್ಪಿಬಿಟ್ಟರು! ಹಮಾಲರ ಮುಖ ಅರಳಿತು. ಅಷ್ಟರಲ್ಲಿ ಸಾಹುಕಾರರು ಸೇರಿಸಿದರು: "ಹೆಣ್ಣುಮಕ್ಕಳದ್ದು ಬಿಡ್ರಿ. ಅವರನ್ನ ಯಾರೋ ಗುತ್ತಿಗೆದಾರ ಕರಕೊಂಡು ಬರ್ತಾನ. ನಮಗೂ ಅವರಿಗೂ ಸಂಬಂಧಿಲ್ಲ."

ಗುತ್ತಿಗೆದಾರ ಇರಲೇ ಇಲ್ಲ. ಅವರ ಹಾಜರಿ ಬರೆಯುತ್ತಿದ್ದವನು ನಾನು. ಮಲ್ಲಮ್ಮ ನನ್ನ ಕಡೆ ತಿರುಗಿದಳು.

"ತಮ್ಮಾ, ದಿನಾ ನನ್ನ ಹೆಸರು ನೀನೇ ಬರೀತಿದ್ದಿಲ್ಲೇನು? ಸಾಹೇಬ್ರಿಗಿ ಹೇಳಪಾ."

ಅಧಿಕಾರಿ ನನ್ನತ್ತ ನೋಡಿದರು. ಸಾಹುಕಾರರೂ ನೋಡಿದರು. "ನನಗ ಗೊತ್ತಿಲ್ರೀ" ಅಂದೆ.

ಈರಣ್ಣ ಸಹಿಗೆಂದು ಹಿಡಿದಿದ್ದ ಪೆನ್ನು ಮೇಜಿನ ಮೇಲಿಟ್ಟು ಎದ್ದ. "ಎಲ್ಲರದೂ ಸೇರಿಸಿ ಬರೀರಿ. ಇಲ್ಲಂದ್ರ ನಾಳಿಂದ ಚೀಲ ಎತ್ತಂಗಿಲ್ಲ."

ಗಿರಣಿ ನಿಂತಿತು. ಅವರೆಲ್ಲ ಗೇಟಿನ ಹೊರಗೆ ಕೂತರು. ಗುಮಾಸ್ತನಾದ ನಾನು ದಿನಾ ಒಳಗೆ ಹೋಗಲೇಬೇಕಿತ್ತು. ಯಾರೂ ತಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಮಲ್ಲಮ್ಮ ಚಾಚಿದ ಕಾಲು ಮಡಚಿಕೊಂಡು ದಾರಿ ಬಿಡುತ್ತಿದ್ದಳು, ಅಷ್ಟೆ. ಅದಕ್ಕಿಂತ ಅವಳು ಒಂದು ಕಲ್ಲು ಎಸೆದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಏಳನೆಯ ದಿನ ಹಮಾಲರಲ್ಲೇ ಒಡಕು ಬಂತು. "ನಮ್ಮ ಬೇಡಿಕಿ ಆಗ್ಯಾದಲ್ಲ, ಮತ್ಯಾಕ ಬಿಸಲಾಗ ಕುಂಡ್ರೂದು?" ಎಂದು ಒಬ್ಬ ಈರಣ್ಣನ ಅಂಗಿ ಹಿಡಿದ. ಕಿಟಕಿಯಿಂದ ನೋಡುತ್ತಿದ್ದ ನನಗೆ ಇನ್ನೇನು ಹೊಡೆದಾಟವೇ ಆಗುತ್ತದೆ ಅನ್ನಿಸಿತು. ಈರಣ್ಣ ಕೈ ಬಿಡಿಸಿಕೊಳ್ಳಲಿಲ್ಲ.

"ಇವತ್ತು ಅವರನ್ನ ಬಿಟ್ರ, ಮುಂದಿನ ಒಪ್ಪಂದದಾಗ ನಮ್ಮೊಳಗ ಯಾರನ್ನ ಬಿಡ್ತೀರಿ ಅಂತ ಕೇಳ್ತಾರ. ಆಗ ನಿನ್ನ ಹೆಸರು ಹೇಳಲೇನು?"

ಅಂಗಿ ಹಿಡಿದ ಕೈ ಸಡಿಲಾಯಿತು.

ಹನ್ನೆರಡನೆಯ ದಿನ ಅಧಿಕಾರಿ ಮತ್ತೆ ಕರೆಸಿದರು. ನಾನು ಹಾಜರಿ ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹೋದೆ. ಧೈರ್ಯ ಬಂದಿತ್ತೆಂದು ತಿಳಿಯಬೇಡಿ. ಆ ಮಡಚಿದ ಕಾಲುಗಳನ್ನು ಇನ್ನೊಂದು ದಿನ ದಾಟುವ ಶಕ್ತಿ ನನಗಿರಲಿಲ್ಲ. ಪುಸ್ತಕ ಮೇಜಿನ ಮೇಲಿಟ್ಟಾಗ ಸಾಹುಕಾರರು ಅದನ್ನು ನೋಡಲಿಲ್ಲ, ನನ್ನನ್ನೇ ನೋಡಿದರು.

ಸಂಜೆಯೊಳಗೆ ಒಪ್ಪಂದ ಸಿದ್ಧವಾಯಿತು. ದುಂಡಗಿನ ಅಕ್ಷರವೆಂದು ನನ್ನ ಕೈಯಿಂದಲೇ ಬರೆಸಿದರು. ಐವತ್ತು ಕಿಲೋ ಚೀಲ. ಹದಿನಾಲ್ಕು ಹೆಸರು. ವಾರಕ್ಕೊಂದು ರಜೆ. ಮುಷ್ಕರಕ್ಕೆ ಕೂತ ಕೆಲಸಗಾರರ ಮೇಲೆ ಯಾವ ಕ್ರಮವೂ ಇಲ್ಲ. ಅಲ್ಲಿಗೆ ಪೆನ್ನು ನಿಲ್ಲಿಸಿದೆ. ಆಗ ಈರಣ್ಣ ಇಡೀ ಮೈ ತಿರುಗಿಸಿ ಕೇಳಿದ: "ಈ ಬರಿಯಾಂವ ಇದ್ರಾಗ ಬರ್ತಾನೇನ್ರಿ?"

"ಇವರು ಮುಷ್ಕರಕ್ಕ ಕುಂತಿಲ್ಲ, ನಿಮ್ಮ ಸಂಘದವರೂ ಅಲ್ಲ" ಎಂದರು ಅಧಿಕಾರಿ.

"ಹಂಗಾದ್ರ ಇನ್ನೊಂದು ಸಾಲು ಬರಸ್ರಿ. ಆಮ್ಯಾಲೆ ಸಹಿ."

ನನ್ನನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂಬ ಸಾಲನ್ನು ನಾನೇ ಬರೆದೆ. ಇಡೀ ಕಾಗದದಲ್ಲಿ ಅದೊಂದೇ ಸಾಲು ಸೊಟ್ಟ.

ಇಷ್ಟು ವರ್ಷ ಸಿಕ್ಕವರಿಗೆಲ್ಲ ಪುಸ್ತಕ ಮೇಜಿನ ಮೇಲಿಟ್ಟ ಕಥೆಯನ್ನಷ್ಟೇ ಹೇಳಿಕೊಂಡು ಬಂದಿದ್ದೇನೆ. ಮಗಳ ಮುಂದೂ ಹಾಗೆಯೇ.

ಮಲ್ಲಮ್ಮ ಈಗ ತವರಿನಲ್ಲೇ ಇದ್ದಾಳೆ. ಹೋದ ವಾರ ಆ ಬಸ್ಸಿನಲ್ಲಿ ಮಸರಕಲ್ಲಿಗೆ ಹೋಗಿ ಮನೆ ಹುಡುಕಿದಾಗ ಕಣ್ಣು ಕಿರಿದು ಮಾಡಿ ಗುರುತು ಹಿಡಿದಳು. ಕೂತವನೇ ಹೇಳಿದೆ: "ಮೊದಲ್ನೇ ಸಲ ಕೇಳ್ದಾಗ ಗೊತ್ತಿಲ್ಲ ಅಂದಿದ್ದೆ. ಮಾಫ್ ಮಾಡವ್ವಾ."

"ಮಾಫ್ ಮಾಡಂಗಿಲ್ಲ ತಮ್ಮಾ. ಹನ್ನೊಂದು ದಿನ ನಮ್ಮನ್ನ ಬಿಸಲಾಗ ಕುಂಡ್ರಿಸಿದಿ." ಆಮೇಲೆ ಎದ್ದು ತಂಬಿಗೆ ತಂದಿಟ್ಟಳು. "ಉಣ್ಣೂ ಹೊತ್ತಾಗ್ಯಾದ. ಕೈ ತೊಳಕೋ."

ತೊಳೆದುಕೊಂಡೆ. ಆಕೆ ಬಡಿಸಿದ ರೊಟ್ಟಿ ಉಂಡು ಎದ್ದೆ. ಅವತ್ತು ರಾತ್ರಿ ಮನೆಗೆ ಬಂದವನೇ ಮಗಳನ್ನು ಕೂಡಿಸಿಕೊಂಡು ಆ ಮೊದಲನೆಯ ಸಭೆಯ ಕಥೆ ಹೇಳಿದೆ. ಈಗ ನಿಮಗೆ.