ಅಜ್ಜಿಯ ಅಂಗೈ ಮತ್ತು ಫೈಬರ್ ಕಾರು

ಇವತ್ತು ಉದಯಗಿರಿಯ ಗ್ಯಾರೇಜಿನಲ್ಲಿ ಒದ್ದೆ ಉಪ್ಪುಕಾಗದದ ಸರಸರ ಸದ್ದು, ತಿನ್ನರ್ ವಾಸನೆ ಎರಡೂ ಒಟ್ಟಿಗೆ ಬಂದದ್ದೇ, ನಾನು ಮನಸ್ಸಿನಲ್ಲೇ ನಜರ್‌ಬಾದಿನ ನಮ್ಮ ಹಳೆಯ ಮನೆಯ ಅಂಗಳಕ್ಕೆ ಹೋಗಿಬಿಟ್ಟೆ.

ಅಪ್ಪನ ಆಗಿನ ಪುಟ್ಟ ಕಾರಿನ ಮೈ ತಗಡಿನದಲ್ಲ, ಫೈಬರಿನದು. ಆಯುಧಪೂಜೆಗೆ ಮೊದಲು ಮನೆಯಲ್ಲೇ ಹೊಸ ಬಣ್ಣ ಹೊಡೆಯಬೇಕೆಂದು ಅವರಿಗೆ ಹಟ. ಬಣ್ಣ ಕೀಳುವ ದ್ರಾವಣ ಹಚ್ಚಿದರೆ ಮೈಯೇ ಹಾಳಾಗುತ್ತದೆಂದು ಉಪ್ಪುಕಾಗದ ಹಿಡಿದು ಕೈಯಲ್ಲೇ ಉಜ್ಜಲು ಕೂತರು. ಹಳೆ ಬಣ್ಣದ ನೀಲಿ ನೀರು ರಂಗೋಲಿಯವರೆಗೂ ಹರಿಯುತ್ತಿತ್ತು. ಜಾಸ್ತಿ ಉಜ್ಜಿದರೆ ಒಳಗಿನ ಗಾಜಿನ ನಾರು ಏಳುತ್ತದೆಂಬ ಭಯ ಬೇರೆ.

ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಹಬ್ಬಕ್ಕೆ ಬೆಳಗಿದ ಹಿತ್ತಾಳೆ ಪಾತ್ರೆಗಳನ್ನು ಅವರು ಅಂಗೈಯಿಂದ ಸವರಿಯೇ ನೋಡುತ್ತಿದ್ದರು. ಒಂದು ಮಧ್ಯಾಹ್ನ ಜಗಲಿಯಿಂದ ಎದ್ದು ಬಂದು ಬಾನೆಟ್ಟನ್ನೂ ಹಾಗೇ ಸವರಿದರು.

"ಸಾಕು ಬುಡೋ. ಇಲ್ಲಿ ತೆಳ್ಳಗಾಗ್ಬುಟ್ಟಿದೆ ಕಣೋ."

"ನಿಂಗೇನ್ ಕಾಣ್ಸುತ್ತಮ್ಮ? ಇನ್ನೂ ಬಣ್ಣ ಅಂಟ್ಕೊಂಡಿದೆ," ಎಂದು ರೇಗಿದ ಅಪ್ಪ ಅಲ್ಲೇ ಇನ್ನೊಂದಿಷ್ಟು ಉಜ್ಜಿದರು. ಬಿಳಿ ನಾರು ಎದ್ದು ನಿಂತಿತು.

ನಾರು ಚುಚ್ಚಿ ತುರಿಸುತ್ತಿದ್ದ ಅಪ್ಪನ ಬೆರಳುಗಳಿಗೆ ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚಿದರು. ಮಾರನೆಯ ದಿನದಿಂದ ಉಜ್ಜುವುದು ಅಪ್ಪನ ಕೆಲಸವಾಯಿತು. ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು ಅಜ್ಜಿಯ ಅಂಗೈಯದು.

ಇವತ್ತು ಗ್ಯಾರೇಜಿನವರು ಉಜ್ಜಿಟ್ಟಿದ್ದ ನನ್ನ ಕಾರಿನ ಬಾಗಿಲನ್ನು ನೋಡಿ, "ಚೆನ್ನಾಗ್ ಬಂದಿದೆ," ಎಂದೆ. ಜೊತೆಗೆ ಬಂದಿದ್ದ ಅಪ್ಪ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಕಣ್ಣು ಮುಚ್ಚಿ ಬಾಗಿಲ ಮೇಲೆ ಅಂಗೈ ಇಟ್ಟರು.