ಮುತ್ತುಗದ ಪಾನಕ ಕಹಿಯಾದ ವರ್ಷ

ಮುತ್ತುಗದ ಹೂವಿನ ಪಾನಕ ನನ್ನ ಹೆಂಡತಿ ತವರಿನಿಂದ ಕಲಿತು ಬಂದದ್ದು. ಶಿವರಾತ್ರಿ ಕಳೆದ ಮೇಲೆ, ಎಲೆ ಉದುರಿ ಬರೀ ಹೂವಾಗಿ ನಿಂತ ಮರ ಹುಡುಕಿಕೊಂಡು ನಾವಿಬ್ಬರೂ ಹೊಸೂರಿನಿಂದ ತಳಿ ಊರಿನ ಬಸ್ಸು ಹತ್ತುತ್ತಿದ್ದೆವು. ಕೀಳುವುದು ನನ್ನ ಕೆಲಸ, ಮಿಕ್ಕಿದ್ದೆಲ್ಲ ಅವಳದು. ಹೂ ಹಸನು ಮಾಡಿ, ನೆನೆಸಿ, ಕುದಿಸಿ, ಸೋಸಿ, ಸಕ್ಕರೆ ಪಾಕ ಹಿಡಿದು, ನಿಂಬೆರಸ ಹಿಂಡಿ ಬಾಟಲಿಗೆ ತುಂಬುತ್ತಿದ್ದಳು. ಬೇಸಿಗೆಯಲ್ಲಿ ಮನೆಗೆ ಬಂದವರಿಗೆಲ್ಲ ಅದರಿಂದ ಎರಡು ಚಮಚ, ಮೇಲೆ ಮಡಕೆಯ ನೀರು.

ತಪ್ಪು ಕಂಡರೆ ಸುಮ್ಮನಿರುವವಳಲ್ಲ. ನಾನು ಚೀಲವನ್ನು ಮೊರಕ್ಕೆ ಸುರಿದ ಕೂಡಲೇ ಶುರುವಾಗುತ್ತಿತ್ತು.

"ಏನ್ರೀ, ಹೂ ಕಿತ್ಕಂಡ್ ಬಂದ್ರಾ, ಒಲೆಗೆ ಸೌದೆ ತಂದ್ರಾ?"

"ಎರಡೂ ಐತೆ, ಆರಿಸ್ಕೋ."

"ಹಂಗಾದ್ರೆ ಸೌದೆ ಕುದಿಸಿ ಕೊಡ್ತೀನಿ, ಕುಡೀರಿ."

ಎರಡು ಸಾವಿರನೇ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಹೊಟ್ಟೆಯ ಕಾಯಿಲೆಯಿಂದ ಮಲಗಿದ್ದವಳನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು. ನೋಡಿಕೊಂಡರೆ ಏಳುತ್ತಾಳೆ ಎಂದು ನಾನು ಅರ್ಥ ಮಾಡಿಕೊಂಡೆ. ಗಂಜಿ ಒಳಗೆ ಹೋಗುತ್ತಿರಲಿಲ್ಲ. ಒಂದು ದಿನ ತಾನಾಗಿಯೇ, "ಮುತ್ತುಗದ ಪಾನಕ ಇದ್ದಿದ್ರೆ ಕುಡೀತಿದ್ನೇನೋ" ಅಂದಳು. ಒಂದು ಲೋಟ ಅದು ಹೋದರೆ ಆಮೇಲೆ ಗಂಜಿಯೂ ಹೋದೀತು, ಗಂಜಿ ಹೋದರೆ ಎದ್ದು ಕೂತಾಳು. ಅಷ್ಟನ್ನೇ ನಂಬಿಕೊಂಡು ಕಾರ್ಖಾನೆಗೆ ರಜೆ ಹಾಕಿ, ಪಕ್ಕದ ಮನೆಯವರನ್ನು ಅವಳ ಹತ್ತಿರ ಕೂರಿಸಿ, ತಳಿಗೆ ಹೋದೆ.

ಒಬ್ಬನೇ ಕಿತ್ತೆ. ಒಬ್ಬನೇ ನೆನೆಸಿದೆ, ಕುದಿಸಿದೆ. ಹೇಗೆ ಮಾಡುವುದೆಂದು ಅವಳನ್ನು ಕೇಳಲಿಲ್ಲ. ಕೇಳಿದರೆ ಗೋಡೆ ಹಿಡಿದುಕೊಂಡಾದರೂ ಒಲೆಯ ಹತ್ತಿರ ಬರುವವಳು.

ಅವಳು ಹೂ ಹಸನು ಮಾಡುವಾಗ ನಾನು ಯಾವತ್ತೂ ಗಮನವಿಟ್ಟು ನೋಡಿರಲಿಲ್ಲ, ನನಗೆ ಗೊತ್ತಿದ್ದದ್ದು ಹೂವು ನೆನೆದು ಕುದಿಯಬೇಕು ಅನ್ನುವುದಷ್ಟೇ. ಪ್ರತಿ ಹೂವಿನ ಬುಡದಲ್ಲಿರುವ ಕಪ್ಪು ಟೋಪಿಯಂಥ ತೊಟ್ಟನ್ನು ತೆಗೆದು, ಎಸಳು ಮಾತ್ರ ಹಾಕಬೇಕಿತ್ತಂತೆ. ಇದನ್ನು ನನಗೆ ಅವಳ ಅಣ್ಣ ಹೇಳಿದ್ದು ತಿಥಿಯ ದಿನ. ನಾನು ಟೋಪಿ ಸಮೇತ ಹಾಕಿದ್ದೆ.

ಬಣ್ಣವೇನೋ ಪ್ರತಿ ವರ್ಷದ ಹಾಗೇ ಬಂದಿತ್ತು. ರುಚಿ ನೋಡದೆ ಲೋಟಕ್ಕೆ ಹಾಕಿ ತಂದು, ಅವಳ ಬೆನ್ನಿಗೆ ದಿಂಬು ಕೊಟ್ಟು, ತುಟಿಗೆ ಹಿಡಿದೆ. ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿ ಇನ್ನೊಂದು. ಅರ್ಧ ಲೋಟ ಕುಡಿದಳು. ಬೈಗುಳಕ್ಕೆ ಕಾಯುತ್ತಾ ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಚೆನ್ನಾಗೈತೆ," ಅಂದಳು.

ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನಾನು ಮಾಡಿದ ಯಾವುದನ್ನೂ ಅವಳು ಚೆನ್ನಾಗಿದೆ ಅಂದವಳಲ್ಲ. ನನ್ನ ಕಾಫಿಯನ್ನು ಬಚ್ಚಲಿಗೆ ಚೆಲ್ಲಿದವಳು. ಲೋಟ ತೆಗೆದುಕೊಂಡು ಅಡುಗೆಮನೆಗೆ ಬಂದು, ಉಳಿದದ್ದನ್ನು ಬಾಯಿಗೆ ಹಾಕಿದೆ. ನಾಲಿಗೆ ಹಿಡಿಯುವಷ್ಟು ಒಗರು, ಹಿಂದೆಯೇ ಕಹಿ. ನುಂಗಲಾಗದೆ ಉಗಿದೆ. ಇದನ್ನು ಅವಳು ಅರ್ಧ ಲೋಟ ಕುಡಿದಿದ್ದಳು.

ಇವಳು ನನ್ನ ಜೊತೆ ಜಗಳ ಮುಗಿಸಿಬಿಟ್ಟಿದ್ದಾಳೆ ಎಂದು ಅಲ್ಲಿ ನಿಂತು ಗೊತ್ತಾಯಿತು. ಆಸ್ಪತ್ರೆಯವರು ಹೇಳಿದ್ದರ ಅರ್ಥವೂ ಆಗಲೇ ಗೊತ್ತಾದದ್ದು. ಮುಖ ತೊಳೆದುಕೊಂಡು ಒಳಗೆ ಹೋದೆ.

"ನಾಳೆ ಇನ್ನೊಂದ್ಸಲ ಮಾಡ್ತೀನಿ ಕಣೇ."

"ಮಾಡಿ," ಅಂದಳು. ಅದನ್ನೂ ನನಗೋಸ್ಕರವೇ ಅಂದಳು.